ಡಿಸ್ಕ್ ಸೇರಿಸುವ ಮೂರು ದಾರಿ: ಕುಂಬಳೆಯ ಮನೆಯಲ್ಲಿ ಮಾಡಿ ನೋಡಿದ್ದು

ಅಪ್ಪ ತಾಳಮದ್ದಳೆಗಳನ್ನು ಕ್ಯಾಸೆಟ್‌ನಲ್ಲಿ ಹಿಡಿದಿಟ್ಟವರು. ನಾನು ಯಕ್ಷಗಾನದ ಆಟಗಳನ್ನು ಕ್ಯಾಮೆರಾದಲ್ಲಿ ಹಿಡಿಯುತ್ತೇನೆ. ಸೆಕೆಂಡಿಗೆ 24 ಮೆಗಾಬಿಟ್‌ನಲ್ಲಿ ಒಂದು ಗಂಟೆಯ ವಿಡಿಯೊ ಸುಮಾರು 11 ಜಿಬಿ; ಬೆಳಗಿನವರೆಗಿನ ಒಂದು ಆಟಕ್ಕೆ 85 ಜಿಬಿಯಾದರೂ ಬೇಕು. ಅವನ್ನೆಲ್ಲ ಇಡುವ ಮನೆಯ ಸರ್ವರ್‌ನಲ್ಲಿ 4 ಟಿಬಿಯ ಎರಡು ಡಿಸ್ಕ್‌ಗಳ ಮಿರರ್ (ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವ ಜೋಡಿ) ಇತ್ತು; ಅದರಲ್ಲಿ 3 ಟಿಬಿ ದಾಟಿದಾಗಲೇ ಇನ್ನು ಸಾಲದು ಅಂತ ಗೊತ್ತಾಯಿತು. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಇನ್ನೆರಡು ಡಿಸ್ಕ್ ತಂದೆ. ಇದ್ದದ್ದನ್ನೆಲ್ಲ ಹೊರಗಿನ ಡಿಸ್ಕ್‌ಗೆ ನಕಲು ಮಾಡಿಟ್ಟುಕೊಂಡು, ಮಳೆಗಾಲ ಪೂರ್ತಿ ಮೂರು ವಿಧಾನ ಪರೀಕ್ಷಿಸಿದೆ.

ಮೊದಲಿಗೆ, ಕಡತಗಳನ್ನೂ ಡಿಸ್ಕ್‌ಗಳನ್ನೂ ಒಟ್ಟಿಗೆ ನೋಡಿಕೊಳ್ಳುವ ಝಡ್‌ಎಫ್‌ಎಸ್ ಎಂಬ ವ್ಯವಸ್ಥೆಯಲ್ಲೇ ಇನ್ನೊಂದು ಮಿರರ್ ಜೋಡಿ. ಒಂದೇ ಆಜ್ಞೆ, ಕ್ಷಣದಲ್ಲಿ ಕೆಲಸ ಮುಗಿಯಿತು. ಆದರೆ 16 ಟಿಬಿ ಡಿಸ್ಕ್‌ಗೆ ಸಿಗುವ ಜಾಗ 8 ಟಿಬಿ ಮಾತ್ರ, ಮುಂದೆ ಬೆಳೆಸುವಾಗಲೂ ಎರಡೆರಡೇ ಡಿಸ್ಕ್ ಕೊಳ್ಳಬೇಕು. ಹಳೆಯ ಕಡತಗಳು ಹಳೆಯ ಜೋಡಿಯಲ್ಲೇ ಕೂತಿರುತ್ತವೆ. ಹಾಗಾಗಿ ಅವುಗಳ ವೇಗ ಮೊದಲಿನಷ್ಟೇ. ಮತ್ತೆ ಬರೆದರೆ ಮಾತ್ರ ನಾಲ್ಕೂ ಡಿಸ್ಕ್‌ಗೆ ಹಂಚಿಹೋಗುತ್ತವೆ.

ಎರಡನೆಯದು ಝಡ್‌ಎಫ್‌ಎಸ್‌ನದ್ದೇ ರೇಡ್‌ಝಡ್1. ಇದು ಮಾಹಿತಿಯನ್ನೂ, ಒಂದು ಡಿಸ್ಕ್ ಕೆಟ್ಟರೆ ಅದರಲ್ಲಿದ್ದದ್ದನ್ನು ಮರಳಿ ಪಡೆಯುವ ಲೆಕ್ಕವಾದ ಪ್ಯಾರಿಟಿಯನ್ನೂ ಎಲ್ಲ ಡಿಸ್ಕ್‌ಗಳಿಗೆ ಹಂಚಿಡುತ್ತದೆ. ಮೂರು ಡಿಸ್ಕ್‌ಗಳ ಪೂಲ್‌ಗೆ (ಒಂದಾಗಿ ಕೆಲಸ ಮಾಡುವ ಗುಂಪಿಗೆ) ನಾಲ್ಕನೆಯದನ್ನು ಸೇರಿಸುವ ಸೌಲಭ್ಯ 2025ರ ಜನವರಿಯಲ್ಲಿ ಬಂದ ಓಪನ್‌ಝಡ್‌ಎಫ್‌ಎಸ್ 2.3ರಲ್ಲಿದೆ. ನಾನು ಬಹಳ ಕಾಲದಿಂದ ಕಾಯುತ್ತಿದ್ದದ್ದು ಇದಕ್ಕೇ. ವಿಸ್ತರಣೆಗೆ ಒಂದು ಹಗಲು, ಒಂದು ರಾತ್ರಿ ಹಿಡಿಯಿತು. ನಡುವೆ ಸಿಡಿಲಿಗೆ ಕರೆಂಟ್ ಹೋಗಿ ಯಂತ್ರ ಆಫ್ ಆಯಿತು, ಎದೆ ಧಸಕ್ಕೆಂದಿತು. ಮತ್ತೆ ಆನ್ ಮಾಡಿದರೆ ನಿಂತಲ್ಲಿಂದಲೇ ಮುಂದುವರಿಯಿತು. ಜಾಗವೂ 8 ಟಿಬಿಯಿಂದ 12ಕ್ಕೆ ಏರಬೇಕು. ಆದರೆ ಹಳೆಯ ಕಡತಗಳು ಎರಡು ಪಾಲು ಮಾಹಿತಿಗೆ ಒಂದು ಪಾಲು ಪ್ಯಾರಿಟಿ ಎಂಬ ಹಳೆಯ ಲೆಕ್ಕದಲ್ಲೇ ಉಳಿಯುತ್ತವೆ. ನನ್ನ 3 ಟಿಬಿ ವಿಡಿಯೊ ಡಿಸ್ಕ್ ಮೇಲೆ 4.5 ಟಿಬಿ ಹಿಡಿದಿತ್ತು. ಫೋಲ್ಡರ್ ಫೋಲ್ಡರ್ ಆಗಿ ನಕಲು ಮಾಡಿ ಹಳತನ್ನು ಅಳಿಸಿದ ಮೇಲೆ 4 ಟಿಬಿಗೆ ಇಳಿಯಿತು.

ಮೂರನೆಯದು, ಹಲವು ಡಿಸ್ಕ್‌ಗಳನ್ನು ಒಂದೇ ಫೋಲ್ಡರ್‌ನಂತೆ ತೋರಿಸುವ ಮರ್ಜರ್‌ಎಫ್‌ಎಸ್ ಜೊತೆ, ಪ್ಯಾರಿಟಿಯನ್ನು ಬೇರೆಯೇ ಡಿಸ್ಕ್‌ನಲ್ಲಿಡುವ ಸ್ನ್ಯಾಪ್‌ರೇಡ್. ಮೂರು ಡಿಸ್ಕ್ ಮಾಹಿತಿಗೆ, ಒಂದು ಪ್ಯಾರಿಟಿಗೆ. ಬೇರೆ ಬೇರೆ ಅಳತೆಯ ಡಿಸ್ಕ್‌ಗಳೂ ನಡೆಯುತ್ತವೆ, ಪ್ಯಾರಿಟಿಯದ್ದು ಮಾತ್ರ ಉಳಿದವುಗಳಲ್ಲಿ ದೊಡ್ಡದಕ್ಕಿಂತ ಚಿಕ್ಕದಾಗಬಾರದು. ಪ್ರತಿ ಕಡತವೂ ಇಡಿಯಾಗಿ ಒಂದೇ ಡಿಸ್ಕ್‌ನಲ್ಲಿರುವುದರಿಂದ, ಒಂದು ಆಟ ನೋಡುವಾಗ ಒಂದೇ ಡಿಸ್ಕ್ ತಿರುಗಿದರೆ ಸಾಕು. ಎರಡು ಡಿಸ್ಕ್ ಒಟ್ಟಿಗೆ ಕೆಟ್ಟರೂ ಉಳಿದವುಗಳಲ್ಲಿದ್ದ ಆಟಗಳು ಹಾಗೇ ಇರುತ್ತವೆ; ರೇಡ್‌ಝಡ್1ರಲ್ಲಿ ಹಾಗಾದರೆ ಇಡೀ ಪೂಲ್ ಹೋಯಿತು. ಕೊರತೆಯೆಂದರೆ, ಸಿಂಕ್ ಮಾಡುವವರೆಗೆ, ಅಂದರೆ ಪ್ಯಾರಿಟಿಯ ಲೆಕ್ಕ ಹೊಸತು ಮಾಡುವವರೆಗೆ, ಹೊಸ ಕಡತಕ್ಕೆ ರಕ್ಷಣೆಯಿಲ್ಲ. ಅದಕ್ಕೇ ನಾನು ಸಿಂಕ್ ಮುಗಿಯದೆ ಕ್ಯಾಮೆರಾದ ಕಾರ್ಡ್ ಅಳಿಸುವುದಿಲ್ಲ.

ವೇಗದ ವಿಷಯದಲ್ಲಿ ಮೊದಲು ಮೂರಕ್ಕೂ ಫಲಿತಾಂಶ ಒಂದೇ: ಸೆಕೆಂಡಿಗೆ 110 ಎಂಬಿ. ತಡೆದದ್ದು ಡಿಸ್ಕ್ ಅಲ್ಲ, ಗಿಗಾಬಿಟ್ ನೆಟ್‌ವರ್ಕ್. 2.5 ಗಿಗಾಬಿಟ್‌ನ ಕಾರ್ಡ್, ಸ್ವಿಚ್ ಹಾಕಿದೆ. ಗೋಡೆಯೊಳಗಿನ ಹಳೆಯ ಕ್ಯಾಟ್ 5ಇ ಕೇಬಲ್ಲೇ ಸಾಕಾಯಿತು. ಆಮೇಲೆ ಮಿರರ್ ಜೋಡಿಗಳೂ ರೇಡ್‌ಝಡ್ಡೂ 270ರ ಆಸುಪಾಸು ಮುಟ್ಟಿದವು, ಸ್ನ್ಯಾಪ್‌ರೇಡ್ 170ರಲ್ಲಿ ನಿಂತಿತು. ಎಸ್‌ಎಸ್‌ಡಿ ಕ್ಯಾಶ್ ಹಾಕಿಯೂ ನೋಡಿದೆ. ಮತ್ತೆ ಮತ್ತೆ ಓದುವ ಕಡತಕ್ಕೆ ಅದು ಸರಿ, ಒಮ್ಮೆ ನೋಡುವ ವಿಡಿಯೊಗೆ ಏನೂ ಪ್ರಯೋಜನವಿಲ್ಲ.

ಡಿಸ್ಕ್ ಕೊಳ್ಳುವಾಗ ಅದು ಎಸ್‌ಎಂಆರ್ ಎಂಬ ಬಗೆಯದ್ದು ಹೌದೋ ಅಲ್ಲವೋ ಕೇಳಿ. ಹಿಂದೊಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಅಂಥದ್ದನ್ನು ಮಿರರ್‌ಗೆ ಹಾಕಿದ್ದೆ. ಮೊದಲೊಂದು ಗಂಟೆ ಚೆನ್ನಾಗಿ ಓಡಿ, ಆಮೇಲೆ ಸೆಕೆಂಡಿಗೆ 15 ಎಂಬಿಗೆ ಕುಸಿಯಿತು. ನಮ್ಮ ಮಾಡಿನ ಹಂಚಿನ ಹಾಗೆ ಅದರ ಟ್ರ್ಯಾಕ್‌ಗಳು (ಮಾಹಿತಿ ಬರೆಯುವ ಸಾಲುಗಳು) ಒಂದರ ಮೇಲೊಂದು ಒರಗಿರುತ್ತವೆ. ನಡುವಿನ ಒಂದನ್ನು ಬದಲಿಸಲು ಅದರ ಮೇಲೆ ಒರಗಿದವನ್ನೂ ಎತ್ತಬೇಕು.

ಎಡಿಟಿಂಗ್ ನಡೆಯುವ ಕಡತಗಳಿಗೆ ಈಗ ಮಿರರ್ ಇಟ್ಟುಕೊಂಡಿದ್ದೇನೆ. ಒಮ್ಮೆ ಬರೆದು ಮತ್ತೆ ಮುಟ್ಟದ ಆಟಗಳೂ ಅಪ್ಪನ ಕ್ಯಾಸೆಟ್‌ಗಳೂ ಸ್ನ್ಯಾಪ್‌ರೇಡ್‌ಗೆ ಹೋದವು. ರೇಡ್‌ಝಡ್ ಜಾಗದ ಲೆಕ್ಕದಲ್ಲಿ ಅದಕ್ಕೆ ಸಮವಾದರೂ, ಒಂದು ಆಟಕ್ಕಾಗಿ ನಾಲ್ಕೂ ಡಿಸ್ಕ್ ತಿರುಗುವುದು ನನಗೆ ಒಗ್ಗಲಿಲ್ಲ. ಎಲ್ಲದರ ಇನ್ನೊಂದು ಪ್ರತಿ ಪುತ್ತೂರಿನ ಅತ್ತೆಯ ಮನೆಯ ಕಪಾಟಿನಲ್ಲಿದೆ. ದೀಪಾವಳಿಗೆ ಹೋದಾಗ ಹೊಸತನ್ನು ಸೇರಿಸಿ ಬರುತ್ತೇನೆ.