ಸ್ವಿಫ್ಟ್ ಡೀಸೆಲ್‌ಗೆ ರೀಮ್ಯಾಪ್, ಟಯರ್, ಬ್ರೇಕ್: ಘಾಟಿ ಹತ್ತಿಳಿದ ಎಂಟು ವರ್ಷದ ಅನುಭವ

ನಮ್ಮದು 2014ರ ಮಾರುತಿ ಸ್ವಿಫ್ಟ್ ವಿಡಿಐ. ಓಡಿದ್ದು 1 ಲಕ್ಷ 46 ಸಾವಿರ ಕಿಲೋಮೀಟರ್. ಮನೆ ಪರ್ಕಳದಲ್ಲಿ, ಹೆಂಡತಿಯ ತವರು ತೀರ್ಥಹಳ್ಳಿಯಲ್ಲಿ. ತಿಂಗಳಿಗೆ ಒಂದು ಸಲವಾದರೂ ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲೇಬೇಕು. ಕಾರಿನಲ್ಲಿ ನಾವಿಬ್ಬರು, ಅಮ್ಮ, ಮಗಳು. ಡಿಕ್ಕಿ ತುಂಬ ತೆಂಗಿನಕಾಯಿ. ಈ ಕಾರಿಗೆ ನಾನು ಮಾಡಿಸಿದ ಕೆಲಸವೆಲ್ಲ ಆ ಘಾಟಿಯನ್ನು ತಲೆಯಲ್ಲಿಟ್ಟುಕೊಂಡೇ.

ಮೊದಲು ಎಂಜಿನ್ ಬಗ್ಗೆ ಸ್ವಲ್ಪ ಹೇಳಬೇಕು. ಇದು ಫಿಯೆಟ್‌ನ 1248 ಸಿಸಿ ಮಲ್ಟಿಜೆಟ್. 75 ಪಿಎಸ್ ಶಕ್ತಿ, 2000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 190 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ. ಸಣ್ಣ ಡೀಸೆಲ್‌ಗೆ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು, ಕೂರಿಸಿದರೆ ಅದರ ಗುಣ ಹೀಗೇ ಇರುತ್ತದೆ: 2000 ಮುಟ್ಟುವ ತನಕ ಮೆತ್ತಗೆ, ಆಮೇಲೆ ಒಮ್ಮೆಲೇ ಎಳೆತ. ಹೈವೇಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಆದರೆ ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಎರಡನೇ ಗೇರಿನಲ್ಲಿ ತಿರುವಿಗೆ ಹೋದರೆ ಆರ್‌ಪಿಎಂ 1500ಕ್ಕಿಂತ ಕೆಳಗೆ ಬೀಳುತ್ತದೆ. ಕಾರು ಅಲ್ಲೇ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಾ ಇದ್ದರೆ ಕೈ ಬೆವರುತ್ತದೆ.

ಇದಕ್ಕೆ ಮದ್ದು ಎಂದುಕೊಂಡು 2017ರಲ್ಲಿ ರೀಮ್ಯಾಪ್ ಮಾಡಿಸಿದೆ. ಅಂದರೆ ಎಂಜಿನ್ನಿನ ಕಂಪ್ಯೂಟರಿನಲ್ಲಿರುವ ಲೆಕ್ಕವನ್ನು ಬದಲಿಸಿ, ಟರ್ಬೊ ಒತ್ತಡವನ್ನೂ ಡೀಸೆಲ್ಲನ್ನೂ ಜಾಸ್ತಿ ಮಾಡುವುದು. ಖರ್ಚು 20 ಸಾವಿರ. ಮಾಡಿಕೊಟ್ಟವರು 95 ಪಿಎಸ್ ಆಗುತ್ತದೆ ಎಂದಿದ್ದರು. ಅಳೆದು ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಇದೇ ಎಂಜಿನ್‌ನ 90 ಪಿಎಸ್ ಮಾದರಿ ಎರ್ಟಿಗಾ, ಸಿಯಾಜ್‌ಗಳಲ್ಲಿ ಬಂತು. ಅದರಲ್ಲಿ ಟರ್ಬೊವೇ ಬೇರೆ, ವೇರಿಯಬಲ್ ಜಿಯೊಮೆಟ್ರಿಯದ್ದು, ಅಂದರೆ ಒಳಗಿನ ರೆಕ್ಕೆಗಳ ಕೋನ ಬದಲಾಗುವಂಥದ್ದು. 15 ಪಿಎಸ್ ಜಾಸ್ತಿ ಮಾಡಲು ತಯಾರಕರೇ ಟರ್ಬೊ ಬದಲಿಸಿದ್ದಾರೆ. ಬರೀ ಸಾಫ್ಟ್‌ವೇರಿನಲ್ಲಿ 20 ಹೇಗೆ ಬರುತ್ತದೆ ಎಂದು ಆವತ್ತೇ ಯೋಚಿಸಬೇಕಿತ್ತು.

ಆದರೂ ನಿಜ ಹೇಳುತ್ತೇನೆ, ಪಿಕಪ್ ಜಾಸ್ತಿ ಆಯಿತು. ಪಡುಬಿದ್ರಿ ದಾಟಿ ಮೂಲ್ಕಿ ಕಡೆ ಹೋಗುವಾಗ ಮೂರನೇ ಗೇರಿನಲ್ಲಿ ಲಾರಿ ಹಿಂದೆ ಹಾಕುವುದು ಎಷ್ಟು ಸಲೀಸು! ಆ ಒಂದು ವಾರ ನಾನು ಬಹಳ ಖುಷಿಯಲ್ಲಿದ್ದೆ.

ಮುಂದಿನ ವಾರ ಆಗುಂಬೆ. ಮೂರನೇ ತಿರುವು, ಎರಡನೇ ಗೇರು. ಕಾರು ಮೊದಲಿನ ಹಾಗೆಯೇ ನಿಂತಿತು.

ಕಾರಣ ಆಮೇಲೆ ಅರ್ಥವಾಯಿತು. ಟರ್ಬೊ ತಿರುಗುವುದು ಎಂಜಿನ್ ಬಿಡುವ ಹೊಗೆಯ ರಭಸದಿಂದ. 1500ರ ಕೆಳಗೆ ಆ ರಭಸವೇ ಇಲ್ಲ. ಕಂಪ್ಯೂಟರ್ ಎಷ್ಟು ಡೀಸೆಲ್ ಸುರಿದರೂ ಗಾಳಿ ಇಲ್ಲದಿದ್ದರೆ ಉರಿಯುವುದು ಹೇಗೆ? ಕಪ್ಪು ಹೊಗೆಯಾಗಿ ಹಿಂದೆ ಹೋಗುತ್ತದೆ ಅಷ್ಟೆ. ನಾನು ದುಡ್ಡು ಕೊಟ್ಟು ಶಕ್ತಿ ತುಂಬಿಸಿದ್ದು 2000ರ ಮೇಲೆ. ನನಗೆ ಬೇಕಾಗಿದ್ದದ್ದು ಅದರ ಕೆಳಗೆ. ಅಲ್ಲಿ ಬೇಕಿದ್ದದ್ದು ಮೊದಲನೇ ಗೇರು. ತಿರುವಿಗೆ ಮುಂಚೆಯೇ ನಿಧಾನ ಮಾಡಿ, ಕ್ಲಚ್ ಒತ್ತಿದಾಗ ಆಕ್ಸಿಲರೇಟರ್ ಸ್ವಲ್ಪ ಮುಟ್ಟಿ ಮೊದಲನೇ ಗೇರಿಗೆ ಇಳಿಸಿದರೆ ಕಾರು ಜರ್ಕ್ ಇಲ್ಲದೆ ಹತ್ತುತ್ತದೆ. ತೀರ್ಥಹಳ್ಳಿಯ ಭಾವ ಜೀಪು ಓಡಿಸುವವರು, ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಇದನ್ನು ಕಲಿಸಿಕೊಟ್ಟರು.

ರೀಮ್ಯಾಪ್ ಮಾಡಿಸಿದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. ಆಕ್ಸಿಲರೇಟರ್ ಚೂರು ಮುಟ್ಟಿದರೂ ಕಾರು ಮುಂದಕ್ಕೆ ಹಾರುತ್ತಿತ್ತು. ಕಲ್ಸಂಕದ ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಎಲ್ಲರ ತಲೆ ಹಿಂದೆ ಮುಂದೆ. ಘಾಟಿಯಲ್ಲಿ ಮಗಳಿಗೆ ಎರಡು ಸಲ ವಾಂತಿಯಾಯಿತು. ಮನೆಯವರು ಕೂರುವ ಕಾರು ಅಲ್ವಾ, ಇದು ನನಗೆ ಪಿಕಪ್ಪಿಗಿಂತ ದೊಡ್ಡ ವಿಷಯ.

2019ರಲ್ಲಿ ಸೋಮೇಶ್ವರದಿಂದ ಮೇಲೆ ಹತ್ತುವಾಗ ಆರ್‌ಪಿಎಂ ಏರಿತು, ವೇಗ ಏರಲಿಲ್ಲ. ಸುಟ್ಟ ವಾಸನೆ. ಕ್ಲಚ್ ಜಾರುತ್ತಿತ್ತು. ಹೊಸ ಸೆಟ್, ಕೂಲಿ ಎಲ್ಲ ಸೇರಿ 13 ಸಾವಿರ. 80 ಸಾವಿರ ಓಡಿದ್ದ ಕ್ಲಚ್, ಹಾಗಾಗಿ ಎಲ್ಲ ತಪ್ಪನ್ನೂ ರೀಮ್ಯಾಪ್ ಮೇಲೆ ಹಾಕಲಾರೆ. ಆದರೆ ಕ್ಲಚ್ ಮಾಡಿರುವುದು 190 ಎನ್‌ಎಂ ಲೆಕ್ಕಕ್ಕೆ. ಅದಕ್ಕಿಂತ ಜಾಸ್ತಿ ಹೊರೆ ಹೊರಿಸಿದರೆ ಬೇಗ ಸವೆಯದೆ ಇರುತ್ತದೆಯೇ? 2020ರಲ್ಲಿ ಕಂಪ್ಯೂಟರಿಗೆ ಕಂಪನಿಯ ಹಳೇ ಲೆಕ್ಕದ ಫೈಲನ್ನೇ ವಾಪಸ್ ಹಾಕಿಸಿದೆ. ನೀವು ಮಾಡಿಸುವುದಾದರೆ ಮೂಲ ಫೈಲ್ ಕೇಳಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ವಿಮೆ ಕಂಪನಿಗೂ ತಿಳಿಸಿ, ಮುಚ್ಚಿಟ್ಟರೆ ಕ್ಲೇಮ್ ಸಿಗದೆ ಹೋಗಬಹುದು.

ಏರ್ ಫಿಲ್ಟರ್, ಸದ್ದು ಮಾಡುವ ಸೈಲೆನ್ಸರ್ ನಾನು ಮುಟ್ಟಲಿಲ್ಲ. ತೆರೆದ ಕೋನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿ ಎಳೆಯುತ್ತದೆ, ನಮ್ಮ ಮಳೆಗಾಲದಲ್ಲಿ ನೀರಿನ ಹನಿಯನ್ನೂ ಎಳೆಯುತ್ತದೆ. ಇನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಅಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಿದೆ.

ದುಡ್ಡು ಸಾರ್ಥಕ ಆಗಿದ್ದು ಟಯರಿನಲ್ಲಿ. ವಿಡಿಐಗೆ ಬರುತ್ತಿದ್ದದ್ದು 165/80 ಆರ್14 (ಮೊದಲ ಅಂಕಿ ಟಯರಿನ ಅಗಲ, ಮಿಲಿಮೀಟರಿನಲ್ಲಿ). ಇದೇ ಕಾರಿನ ಮೇಲಿನ ಮಾದರಿ ಝಡ್‌ಡಿಐಗೆ ಕಂಪನಿಯೇ 185/65 ಆರ್15 ಕೊಡುತ್ತಿತ್ತು. ನಾನು ಝಡ್‌ಡಿಐನ ಸೆಕೆಂಡ್ ಹ್ಯಾಂಡ್ ಅಲಾಯ್ ವೀಲ್ ತಂದು ಆ ಅಳತೆಯ ಟಯರ್ ಹಾಕಿದೆ. ಅಗಲ 20 ಮಿಲಿಮೀಟರ್ ಜಾಸ್ತಿ, ಒಟ್ಟು ಎತ್ತರದಲ್ಲಿ ವ್ಯತ್ಯಾಸ ಬರೀ 2 ಮಿಲಿಮೀಟರ್. ಹಾಗಾಗಿ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಮೈಲೇಜ್ ಸುಮಾರು ಒಂದು ಕಿಲೋಮೀಟರ್ ಕಡಿಮೆ ಆಯಿತು. ಆದರೆ ಒದ್ದೆ ರಸ್ತೆಯ ತಿರುವಿನಲ್ಲಿ ಕಾರು ಹಿಡಿದುಕೊಳ್ಳುವ ರೀತಿಯೇ ಬೇರೆ, ಹಿಂದೆ ಕೂತ ಅಮ್ಮನಿಗೇ ಗೊತ್ತಾಯಿತು. ಒಂದು ಎಚ್ಚರಿಕೆ: ಅಗಲದ ಟಯರ್ ಸವೆದರೆ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಸವೆತದ ಗುರುತು 1.6 ಮಿಲಿಮೀಟರಿಗೆ ಇರುತ್ತದೆ, ನಾನು 3 ಮಿಲಿಮೀಟರಿಗೇ ಬದಲಿಸುತ್ತೇನೆ. ಮೇ ತಿಂಗಳು ಮುಗಿಯುವುದರೊಳಗೆ.

70 ಸಾವಿರ ಕಿಲೋಮೀಟರ್ ಓಡಿದಾಗ ನಾಲ್ಕೂ ಶಾಕ್ ಅಬ್ಸಾರ್ಬರ್ ಮತ್ತು ಬುಷ್‌ಗಳನ್ನು ಹೊಸದು ಹಾಕಿಸಿದೆ, ಕಂಪನಿಯದ್ದೇ. ಕಾರು ತಗ್ಗಿಸುವ ಸ್ಪ್ರಿಂಗ್ ನಮ್ಮ ಹಂಪುಗಳಿಗೆ ಬೇಡವೇ ಬೇಡ. ಹೆಡ್‌ಲೈಟಿಗೆ 60/55 ವ್ಯಾಟಿನ ಅದೇ ಬಲ್ಬು, ಜೊತೆಗೆ ರಿಲೇ ವೈರಿಂಗ್. ಬ್ಯಾಟರಿಯ ಪೂರ್ತಿ ವೋಲ್ಟೇಜ್ ಬಲ್ಬಿಗೆ ಸಿಗುತ್ತದೆ. ಆಗುಂಬೆಯ ಮಂಜಿನಲ್ಲಿ ಬಿಳಿ ಎಲ್‌ಇಡಿಗಿಂತ ಈ ಹಳದಿ ಬೆಳಕೇ ಕಣ್ಣಿಗೆ ಹಿತ.

ಬ್ರೇಕ್ ಆಯಿಲ್ ಬಗ್ಗೆ ಯಾರೂ ಮಾತಾಡುವುದೇ ಇಲ್ಲ. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ ಆಯಿಲ್ ಕುದಿದರೆ ಪೆಡಲ್ ಸುಮ್ನೆ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲು ನನಗೆ ಸಾವಿರ ರೂಪಾಯಿಯೂ ಆಗುವುದಿಲ್ಲ. ತೀರ್ಥಹಳ್ಳಿಯಿಂದ ವಾಪಸ್ ಬರುವಾಗ ಎರಡನೇ ಗೇರಿನಲ್ಲೇ ಇಳಿಯುತ್ತೇನೆ, ಬ್ರೇಕ್ ತಿರುವಿಗೆ ಮಾತ್ರ. ಹೋದ ತಿಂಗಳು ಇಳಿಯುವಾಗ ಮಗಳು ಹಿಂದಿನ ಸೀಟಿನಲ್ಲಿ ಅಪ್ಪೆಮಿಡಿ ಚೀಲಕ್ಕೆ ಒರಗಿ ನಿದ್ದೆ ಹೋದವಳು ಹೆಬ್ರಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗಲೇ ಎದ್ದದ್ದು.