ತುಮಕೂರಿನ ಉಸಿರಾಟ ತರಗತಿ: ಹುಣಸೆ ಬೀಜಕ್ಕೆ ಪೂರ್ತಿ ಅಂಕ, ಕಪಾಲಭಾತಿಗೆ ಸೊನ್ನೆ

ಬಿ.ಎಚ್. ರಸ್ತೆಗೆ ಹೊಂದಿಕೊಂಡ ಅಡ್ಡರಸ್ತೆಯೊಂದರ ಮೊದಲ ಮಹಡಿಯಲ್ಲಿ ನಡೆಯುವ ಹತ್ತು ದಿನದ ತರಗತಿ ಇದು. ಬೆಳಿಗ್ಗೆ 6ರಿಂದ 6.45, ಶುಲ್ಕ 800 ರೂಪಾಯಿ, ತಂಡಕ್ಕೆ ಹದಿನೈದು ಜನ. ಮೆಟ್ಟಿಲ ಬಳಿಯ ಪೋಸ್ಟರ್ ಬಿಪಿ, ಶುಗರ್, ಥೈರಾಯ್ಡ್ ಎಲ್ಲವೂ ವಾಸಿ ಅನ್ನುತ್ತದೆ. ಅದನ್ನು ನಂಬಿ ಮಾತ್ರೆ ಬಿಡಬೇಡಿ. ಒಳಗೆ ಕಲಿಸುವುದು ಮಾತ್ರ ಪೋಸ್ಟರಿಗಿಂತ ಎಷ್ಟೋ ವಾಸಿ.

ತರಗತಿಯ ಜೀವಾಳ ಎರಡು ಸ್ಟೀಲ್ ಬಟ್ಟಲು ಮತ್ತು ಹುಣಸೆ ಬೀಜ. ಎಡ ಬಟ್ಟಲಲ್ಲಿ 60 ಬೀಜ, ಬಲದ್ದು ಖಾಲಿ. ಮೂಗಿನಿಂದಲೇ 4 ಸೆಕೆಂಡ್ ಉಸಿರು ಒಳಕ್ಕೆ, 6 ಸೆಕೆಂಡ್ ಹೊರಕ್ಕೆ. ಬಿಟ್ಟು ಮುಗಿದಾಗ ಒಂದು ಬೀಜ ಆಚೆಗೆ. ನಿಮಿಷಕ್ಕೆ ಆರು ಉಸಿರಿನಂತೆ ಹತ್ತು ನಿಮಿಷಕ್ಕೆ ಎಡ ಬಟ್ಟಲು ಬರಿದಾಗಬೇಕು. ಗಂಟೆ ಹೊಡೆಯುವ ಮೊದಲೇ ಬರಿದಾದರೆ ಅವಸರ ಮಾಡಿದ್ದೀರಿ. ಬೀಜ ಮಿಕ್ಕಿದ್ದರೆ ಉಸಿರನ್ನು ಎಳೆದಾಡಿದ್ದೀರಿ, ಇಲ್ಲವೇ ಮನಸ್ಸು ಎತ್ತಲೋ ಹೋಗಿ ಬೀಜವೇ ಮರೆತಿದೆ. ಮೊಬೈಲ್ ಆ್ಯಪ್‌ನ ಉಬ್ಬಿ ಕುಗ್ಗುವ ವೃತ್ತಕ್ಕಿಂತ ಇದು ಮೇಲು: ಕಣ್ಣು ಮುಚ್ಚಿಕೊಂಡೇ ಮಾಡಬಹುದು, ನಡುವೆ ವಾಟ್ಸಾಪ್ ಇಣುಕುವುದಿಲ್ಲ. 4–6 ಒಗ್ಗದವರಿಗೆ 3–5 ಕೊಡುತ್ತಾರೆ, ಅವರ ಬಟ್ಟಲಿಗೆ 75 ಬೀಜ. ಲೆಕ್ಕ ಸರಿಯಾಗಿದೆ.

ಬಿಡುವ ಉಸಿರು ಯಾಕೆ ಉದ್ದ ಇರಬೇಕು ಎಂಬುದನ್ನು ಎರಡನೇ ದಿನ ಕೈಯಲ್ಲೇ ತೋರಿಸುತ್ತಾರೆ. ಮಣಿಕಟ್ಟಿನ ನಾಡಿಯ ಮೇಲೆ ಮೂರು ಬೆರಳಿಟ್ಟು ನಿಧಾನ ಉಸಿರಾಡಿದರೆ, ಒಳಕ್ಕೆಳೆಯುವಾಗ ಬಡಿತ ತುಸು ಬಿರುಸಾಗುತ್ತದೆ, ಬಿಡುವಾಗ ಸಡಿಲವಾಗುತ್ತದೆ. ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರ ಬಡಿತಕ್ಕೆ ಹಾಕುವ ಬ್ರೇಕ್ ಬಿಡುವ ಉಸಿರಿನಲ್ಲಿ ಬಿಗಿಯಾಗುವುದೇ ಕಾರಣ. ವಯಸ್ಸಾದಂತೆ ಈ ಏರಿಳಿತ ಕಡಿಮೆಯಾಗುತ್ತದೆ, ಹಿರಿಯರ ಬೆರಳಿಗೆ ಸಿಗದಿದ್ದರೆ ಗಾಬರಿ ಬೇಡ. ಇಷ್ಟು ಚೆನ್ನಾಗಿ ತೋರಿಸಿದ ಮೇಲೆ ಪಲ್ಸ್ ಆಕ್ಸಿಮೀಟರ್ ತಂದು ‘ನೋಡಿ, ಆಕ್ಸಿಜನ್ ಏರಿತು’ ಅನ್ನುವುದು ಬೇಕಿರಲಿಲ್ಲ. ಆರೋಗ್ಯವಂತರಲ್ಲಿ ಆ ಅಂಕಿ ಮೊದಲೇ 95ರ ಮೇಲಿರುತ್ತದೆ. 97 ಇದ್ದದ್ದು 98 ಆದರೆ ನರಮಂಡಲಕ್ಕೆ ಏನೂ ಆಗುವುದಿಲ್ಲ.

ಈ ತಪ್ಪು ತಿಳಿವಳಿಕೆಯೇ ಮುಂದೆ ತೊಂದರೆ ಕೊಡುತ್ತದೆ. ಆಕ್ಸಿಜನ್ ಜಾಸ್ತಿ ಬೇಕೆಂದು ಜನ ಎದೆಯುಬ್ಬಿಸಿ ಎಳೆಯುತ್ತಾರೆ. ಮೂರು ನಿಮಿಷಕ್ಕೆ ತಲೆ ದಿಮ್ಮೆನ್ನುತ್ತದೆ, ತುಟಿ, ಬೆರಳ ತುದಿ ಜುಮುಗುಡುತ್ತದೆ. ಅದು ‘ಶಕ್ತಿ ಸಂಚಾರ’ ಅಲ್ಲ ಮಾರಾಯ್ರೆ. ಇಂಗಾಲದ ಡೈ ಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚು ಹೊರಹೋದದ್ದರ ಲಕ್ಷಣ. ತಲೆ ದಿಮ್ಮೆನ್ನುವುದು ಅದರಿಂದ ಮಿದುಳಿನ ರಕ್ತನಾಳಗಳು ಕಿರಿದಾಗುವುದಕ್ಕೆ. ಉಸಿರು ನಿಧಾನ ಇರಲಿ, ಪುಟ್ಟದಾಗಿಯೂ ಇರಲಿ. ಪಕ್ಕದವರಿಗೆ ಸದ್ದು ಕೇಳಿಸಬಾರದು. ಜುಮುಗುಟ್ಟಿದರೆ ಎಣಿಕೆ ಬಿಟ್ಟು ಎರಡು ನಿಮಿಷ ಸುಮ್ಮನೆ ಕೂತರೆ ಸಾಕು.

ಕೂರಿಸುವ ರೀತಿಯಲ್ಲಿ ಶಿಸ್ತಿದೆ. ಚಕ್ಕಳಮಕ್ಕಳ ಹಾಕಿದಾಗ ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಬೆನ್ನು ಗೂನಾಗುತ್ತದೆ, ಹೊಟ್ಟೆ ಮಡಚಿ ವಪೆ (ಎದೆ, ಹೊಟ್ಟೆ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯಲು ಜಾಗವೇ ಇರುವುದಿಲ್ಲ. ಅದಕ್ಕೆ ಕುಂಡಿಯಡಿ ಮೂರು ನಾಲ್ಕು ಇಂಚು ಮಡಚಿದ ಕಂಬಳಿ ಕೊಡುತ್ತಾರೆ, ಕೇಳಿದವರಿಗೆ ಕುರ್ಚಿ. ಕುರ್ಚಿ ಕೇಳಲು ನಾಚಿಕೆ ಪಡಬೇಡಿ.

ಭ್ರಾಮರಿ ಐದು ಸುತ್ತು. ತುಟಿ ಮುಚ್ಚಿ, ಹಲ್ಲು ಬಿಡಿಸಿ, ಉಸಿರು ಬಿಡುತ್ತಾ ದುಂಬಿಯಂತೆ ಗುಂಯ್ ಅನ್ನಿಸುತ್ತಾರೆ. ಕಿವಿಯೊಳಗೆ ಬೆರಳು ತುರುಕದೆ, ಕಿವಿಯ ಮುಂದಿನ ಪುಟ್ಟ ಮೃದ್ವಸ್ಥಿಯನ್ನು ಒತ್ತಿದರೆ ಸಾಕು. ಇದನ್ನು ಅವರು ಎಲ್ಲರಿಗೂ ತಿದ್ದಿ ಹೇಳುತ್ತಾರೆ, ಸಂತೋಷ.

ಗಮನದ ಅಭ್ಯಾಸ ಎಂಟು ನಿಮಿಷ, ಕಿಟಕಿ ತೆರೆದೇ ಇರುತ್ತದೆ. ಬಸ್ಸಿನ ಹಾರ್ನ್ ಬಂದಾಗ ಮನಸ್ಸಿನಲ್ಲೇ ‘ಕೇಳಿಸಿತು’ ಅಂದುಕೊಂಡು ಉಸಿರಿಗೆ ಮರಳಬೇಕು, ಅಷ್ಟೇ. ಬಿ.ಎಚ್. ರಸ್ತೆಯಲ್ಲಿ ಈ ಪಾಠಕ್ಕೆ ಸಾಮಗ್ರಿಯ ಕೊರತೆಯಿಲ್ಲ. ಒಂದೇ ಕೊರತೆ: ಗಾಬರಿಯ ತೊಂದರೆ ಇರುವ ಕೆಲವರಿಗೆ ಉಸಿರನ್ನೇ ಗಮನಿಸಿದರೆ ಎದೆ ಇನ್ನೂ ಬಿಗಿಯುತ್ತದೆ. ಅಂಥವರಿಗೆ ಪಾದ ನೆಲಕ್ಕೆ ತಾಗುವ ಜಾಗವನ್ನೋ ಹೊರಗಿನ ಸದ್ದನ್ನೋ ಕೊಡಬೇಕು, ಕಣ್ಣು ಅರ್ಧ ತೆರೆದಿರಲು ಬಿಡಬೇಕು. ತರಗತಿಯಲ್ಲಿ ಅದನ್ನು ತಾವಾಗಿ ಹೇಳುವುದಿಲ್ಲ. ಮೊದಲೇ ತಿಳಿಸಿದರೆ ಬದಲಾಯಿಸಿಕೊಡುತ್ತಾರೆ.

ಇಷ್ಟೆಲ್ಲ ಕಟ್ಟಿದ್ದನ್ನು ಕೊನೆಯ ಐದು ನಿಮಿಷದ ಕಪಾಲಭಾತಿ ಕೆಡವುತ್ತದೆ. ಫಟಫಟನೆ ಹೊಟ್ಟೆ ಒಳಗೆಳೆದು ಉಸಿರನ್ನು ಹೊರದೂಡಿಸುವ ಈ ಕ್ರಿಯೆ ಮೈಮನಸ್ಸನ್ನು ಎಬ್ಬಿಸುವಂಥದ್ದು. ಅರ್ಧ ಗಂಟೆ ಶಾಂತವಾಗಿಸಿದವರನ್ನು ಅದರಿಂದ ಎಬ್ಬಿಸಿ ಕಳಿಸುವುದು ಮಗುವನ್ನು ಮಲಗಿಸಿ ತೊಟ್ಟಿಲ ಪಕ್ಕ ತಮಟೆ ಬಡಿದ ಹಾಗೆ. ಮಾಡಿಸಲೇಬೇಕಿದ್ದರೆ ಶುರುವಿನಲ್ಲಿ ಮಾಡಿಸಲಿ. ರಕ್ತದೊತ್ತಡ, ಹರ್ನಿಯಾ ಇರುವವರು, ಗರ್ಭಿಣಿಯರು, ಹೊಟ್ಟೆಯ ಆಪರೇಷನ್ ಆದವರು ಅದನ್ನು ಮಾಡಲೇಬಾರದು. ಈ ಎಚ್ಚರಿಕೆ ಐದನೇ ದಿನ ಬರುತ್ತದೆ. ಫಾರಂ ತುಂಬಿಸುವಾಗಲೇ ಕೇಳಬೇಕಿತ್ತು. 6.40ಕ್ಕೆ ಕಂಬಳಿ ಮಡಚಿಟ್ಟು ಎದ್ದರೆ ಯಾರೂ ತಡೆಯುವುದಿಲ್ಲ.

ಖಾಲಿ ಹೊಟ್ಟೆಯಲ್ಲಿ ಹೋಗಿ. ಕ್ಯಾತಸಂದ್ರದ ತಟ್ಟೆ ಇಡ್ಲಿ ಆಮೇಲೆ. ಬಟ್ಟಲು, ಬೀಜ ಮನೆಗೆ ಕೊಡುವುದಿಲ್ಲ. ಹುಣಸೆಹಣ್ಣು ಬಿಡಿಸಿದ ಬೀಜ ಹಾಗೇ ಬಳಸಿದರೆ ಬೆರಳಿಗೆ ಅಂಟಿ ಒಂದರ ಜೊತೆ ಇನ್ನೊಂದು ಬರುತ್ತದೆ, ಲೆಕ್ಕ ತಪ್ಪುತ್ತದೆ. ಬಿಸಿನೀರಲ್ಲಿ ಉಜ್ಜಿ ತೊಳೆದು, ಒಂದು ದಿನ ಬಿಸಿಲಿಗೆ ಹಾಕಿ, ಮುರುಕಲು ಆರಿಸಿ ತೆಗೆದು 60 ಎಣಿಸಿಟ್ಟುಕೊಳ್ಳಿ.