ಸಂಘದ ಹೆಸರು ಅಚ್ಚಾದ ರಶೀದಿ ಪುಸ್ತಕ: ಏಳು ವರ್ಷ ಬಳಸಿದ ಮೇಲಿನ ಅನಿಸಿಕೆ

ಪುತ್ತೂರು ತಾಲೂಕಿನ ನಮ್ಮ ಊರಿನಲ್ಲಿ ಒಂದು ಸಣ್ಣ ತಾಳಮದ್ದಳೆ ಸಂಘ ಇದೆ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕುಳಿತೇ ಹಾಡು, ಮಾತಿನಲ್ಲಿ ನಡೆಸುವ ಯಕ್ಷಗಾನ. ಪ್ರತಿ ಶನಿವಾರ ಸಂಜೆ ಏಳಕ್ಕೆ ಕೂಟ. 2018ರಿಂದ ಅದರ ಸದಸ್ಯತ್ವದ ಕೆಲಸ ನನ್ನದು. ಸಂಬಳ ಇಲ್ಲ, ಪೆಟ್ರೋಲು ನನ್ನದೇ. ವರ್ಷಕ್ಕೆ 300 ರೂಪಾಯಿ ಶುಲ್ಕ ಎತ್ತುವುದು, ಹೊಸಬರನ್ನು ಸೇರಿಸುವುದು, ಇದ್ದವರು ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವುದು. ನನಗಿಂತ ಮೊದಲು ಇದನ್ನು ಹಿಡಿದ ಮೂವರು ಎರಡೆರಡು ವರ್ಷಕ್ಕೆ ಸುಸ್ತಾಗಿ ಬಿಟ್ಟಿದ್ದರು. ನಾನು ಇನ್ನೂ ಮಾಡುತ್ತಿದ್ದೇನೆ. ಅದಕ್ಕೆ ದೊಡ್ಡ ಕಾರಣ ಒಂದು ರಶೀದಿ ಪುಸ್ತಕ ಅಂದರೆ ನಂಬುವುದು ಕಷ್ಟ ಅಲ್ವಾ? ಬೇರೆ ಸಂಘದವರು ಇಬ್ಬರು ಮೂವರು ಕೇಳಿದರು, ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ವರ್ಷ ಸ್ಟೇಷನರಿ ಅಂಗಡಿಯ ರೆಡಿಮೇಡ್ ಪುಸ್ತಕ ತಂದಿದ್ದೆ. ಐವತ್ತೋ ಅರವತ್ತೋ ರೂಪಾಯಿ. ನಡುವೆ ಕಾರ್ಬನ್ ಹಾಳೆ ಇಟ್ಟು ಬರೆಯಬೇಕು, ಸಂಘದ ಸೀಲನ್ನು ನಾವೇ ಒತ್ತಬೇಕು. ಕೆಟ್ಟದ್ದು ಅನ್ನುವುದಿಲ್ಲ. ಆದರೆ ಮನೆಯ ಜಗಲಿಯಲ್ಲಿ ನಿಂತು, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು, ಕಾರ್ಬನ್ ಸರಿಸಿ ಸರಿಸಿ ಬರೆಯುವಾಗ ಬೆರಳೆಲ್ಲ ನೀಲಿ ಆಗುತ್ತದೆ. ಮಳೆಗಾಲದಲ್ಲಿ ಹಾಳೆ ತೇವ ಹಿಡಿದು ಒಂದಕ್ಕೊಂದು ಅಂಟುತ್ತದೆ. ಎಲ್ಲಕ್ಕಿಂತ ಜಾಸ್ತಿ ಬೇಸರ ಆದದ್ದು ಒಬ್ಬ ಹಿರಿಯರ ಮನೆಯಲ್ಲಿ. ಅವರು ರಶೀದಿಯನ್ನು ತಿರುಗಿಸಿ ನೋಡಿ, "ಇದರಲ್ಲಿ ಸಂಘದ ಹೆಸರೇ ಇಲ್ಲ ಮಾರಾಯ್ರೇ, ಅಂಗಡಿ ಬಿಲ್ಲಿನ ಹಾಗೆ ಉಂಟು" ಅಂದರು. ಅವರು ಹೇಳಿದ್ದು ನಿಜವೇ. ಮೂವತ್ತು ವರ್ಷ ಸಂಘಕ್ಕೆ ಅರ್ಥ, ಅಂದರೆ ಪಾತ್ರದ ಮಾತು, ಹೇಳಿದವರು ಅವರು.

ಮರುವರ್ಷ ಅಚ್ಚು ಹಾಕಿಸಿದೆವು. ಕಾರ್ಬನ್‌ಲೆಸ್ ಪೇಪರ್, 50 ರಶೀದಿಯ ಪುಸ್ತಕ, ಮೇಲಿನದು ಬಿಳಿ, ನಕಲು ಗುಲಾಬಿ. ಹತ್ತು ಪುಸ್ತಕ ಒಟ್ಟಿಗೆ ಕೊಟ್ಟಾಗ ಒಂದಕ್ಕೆ 110 ರೂಪಾಯಿ ಬಿತ್ತು. ಮೇಲೆ ಸಂಘದ ಹೆಸರು, ನೋಂದಣಿ ಸಂಖ್ಯೆ, ಮೂಲೆಯಲ್ಲಿ ಒಂದು ಸಣ್ಣ ಮದ್ದಳೆಯ ಚಿತ್ರ. ಈ ಪೇಪರಿನಲ್ಲಿ ಮೇಲಿನ ಹಾಳೆಯ ಹಿಂಬದಿಗೆ ಬಣ್ಣದ ಸಣ್ಣ ಸಣ್ಣ ಗುಳ್ಳೆಗಳ ಲೇಪ ಇರುತ್ತದೆ. ಪೆನ್ನು ಒತ್ತಿದಲ್ಲಿ ಗುಳ್ಳೆ ಒಡೆದು ಕೆಳಗಿನ ಹಾಳೆಯಲ್ಲಿ ಅಕ್ಷರ ಮೂಡುತ್ತದೆ. ಹಾಗಾಗಿ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಿರಿ, ಜೆಲ್ ಪೆನ್ ಬೇಡ. ಬರೆಯುವಾಗ ಗುಲಾಬಿ ಹಾಳೆಯ ಕೆಳಗೆ ದಪ್ಪ ರಟ್ಟು ಇಡಲೇಬೇಕು, ಇಲ್ಲದಿದ್ದರೆ ಮುಂದಿನ ನಾಲ್ಕು ರಶೀದಿಯಲ್ಲೂ ಅದೇ ಹೆಸರು ಮಸುಕಾಗಿ ಮೂಡುತ್ತದೆ. ತುಂಬಿದ ಪುಸ್ತಕವನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಬೇಡಿ. ನನ್ನ 2019ರ ಒಂದು ಪುಸ್ತಕದ ನಕಲು ಈಗ ಓದಲು ಕಷ್ಟ ಆಗುವಷ್ಟು ಮಾಸಿದೆ. ಈಗ ಪ್ರತಿ ಪುಸ್ತಕ ಮುಗಿದ ದಿನವೇ ಫೋನಿನಲ್ಲಿ ಫೋಟೋ ತೆಗೆದು ಕಾರ್ಯದರ್ಶಿಗೆ ಕಳಿಸುತ್ತೇನೆ.

ಅಚ್ಚಿನ ಬಗ್ಗೆ ಒಂದು ದೂರು ಇದೆ. ಎರಡನೇ ಸಲ ಕೊಟ್ಟಾಗ ಪ್ರೆಸ್ಸಿನವರು 151ರಿಂದ 200ರ ನಂಬರನ್ನು ಎರಡು ಪುಸ್ತಕಕ್ಕೆ ಹಾಕಿಬಿಟ್ಟಿದ್ದರು. ನಾನು ನೋಡಿರಲಿಲ್ಲ. ಮಹಾಸಭೆಗೆ ಮೊದಲು ಲೆಕ್ಕ ನೋಡುವವರು 163 ಅಂತ ಎರಡು ರಶೀದಿ ಹಿಡಿದು "ಇದೆಂತದು?" ಅಂತ ಕೇಳಿದಾಗ ನನಗೆ ಕಣ್ಣು ಕತ್ತಲೆ ಬಂದ ಹಾಗಾಯಿತು. ದುಡ್ಡು ಸರಿಯಾಗಿತ್ತು, ಆದರೆ ಸರಿ ಇದೆ ಅಂತ ತೋರಿಸಲು ಎರಡು ರಾತ್ರಿ ಹಿಡಿಯಿತು. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆದ ಸಂಘ. ವರ್ಷಕ್ಕೊಮ್ಮೆ ಮಹಾಸಭೆ ಆಗಬೇಕು, ಲೆಕ್ಕಪತ್ರ ನೋಂದಣಿ ಕಚೇರಿಗೆ ಹೋಗಬೇಕು. ಊರಿನವರ ಮುನ್ನೂರು ಮುನ್ನೂರು ರೂಪಾಯಿ ಅದು, ಒಂದು ನಂಬರ್ ಆಚೀಚೆ ಆದರೂ ಮಾತು ಬರುತ್ತದೆ. ಆದ್ದರಿಂದ ಪ್ರೆಸ್ಸಿನಲ್ಲೇ ಕುಳಿತು ಪ್ರತಿ ಪುಸ್ತಕದ ಮೊದಲ ಮತ್ತು ಕೊನೆಯ ನಂಬರ್ ನೋಡಿ, ಆಮೇಲೆ ದುಡ್ಡು ಕೊಡಿ. ಯಾರಾದರೂ 5000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಹಚ್ಚಬೇಕು. ರಶೀದಿಯಲ್ಲಿ ಅದಕ್ಕೆ ಜಾಗ ಬಿಡಿಸಿ.

ಈಗ ಎಲ್ಲ ಫೋನಿನಲ್ಲೇ ಆಗುವಾಗ ಪುಸ್ತಕ ಯಾಕೆ ಅಂತ ಕೇಳುತ್ತಾರೆ. ನಾವೂ ಕ್ಯೂಆರ್ ಕೋಡ್ ಇಟ್ಟಿದ್ದೇವೆ, ಅರ್ಧಕ್ಕಿಂತ ಜಾಸ್ತಿ ದುಡ್ಡು ಈಗ ಅದರಲ್ಲೇ ಬರುತ್ತದೆ, ಚಿಲ್ಲರೆಯ ತಲೆನೋವು ಹೋಯಿತು. ಆದರೆ ಖಾತೆಗೆ ಬಂದ 300 ಯಾರದ್ದು ಅಂತ ಹುಡುಕುವುದೇ ಒಂದು ಕೆಲಸ. ಅಪ್ಪ ಸದಸ್ಯರು, ಕಳಿಸಿದ್ದು ಬೆಂಗಳೂರಿನಲ್ಲಿರುವ ಮಗ, ಹೆಸರು ಬಂದದ್ದು ಸೊಸೆಯದ್ದು. ಒಂದು ವರ್ಷ ಪುಕ್ಕಟೆ ಸಿಗುವ ಒಂದು ಆ್ಯಪ್ ಹಾಕಿ ನೋಡಿದೆ. ಜ್ಞಾಪನೆಯ ಮೆಸೇಜ್ ತಾನೇ ಹೋಗುತ್ತದೆ, ಪಟ್ಟಿ ತಾನೇ ಆಗುತ್ತದೆ, ನನಗೆ ತುಂಬಾ ಆರಾಮ. ಆದರೆ ಆ ವರ್ಷ ಹನ್ನೊಂದು ಜನ ಬಿಟ್ಟರು. ಜಗಳ ಇಲ್ಲ, ಬೇಸರ ಇಲ್ಲ, ಸುಮ್ನೆ ಬಿಟ್ಟರು. ಮೆಸೇಜಿಗೆ ಉತ್ತರ ಕೊಡದೆ ಇರುವುದು ಸುಲಭ. ಜಗಲಿಗೆ ಬಂದು ಕುಳಿತವನನ್ನು ಹಾಗೆ ಕಳಿಸುವುದಿಲ್ಲ.

ಪುಸ್ತಕ ಇದ್ದರೆ ಮನೆಗೆ ಹೋಗಲೇಬೇಕು. ನನಗೆ ಅದರಲ್ಲಿ ಬೇಕಾದದ್ದು ಇದೇ. ದುಡ್ಡು ಫೋನಿನಲ್ಲಿ ಬಂದಿದ್ದರೂ ರಶೀದಿಯನ್ನು ಕೈಯಲ್ಲಿ ಕೊಡುತ್ತೇನೆ. ಆಜೀವ ಸದಸ್ಯರ ಮನೆಗೂ ಹೋಗುತ್ತೇನೆ, ಅವರಿಂದ ಎತ್ತಲು ಏನೂ ಇಲ್ಲದಿದ್ದರೂ. ಒಂದು ಸಲ ದೊಡ್ಡ ಮೊತ್ತ ಕೊಟ್ಟು ಸೇರಿದವರ ಹತ್ತಿರ ಮತ್ತೆ ಯಾರೂ ಹೋಗುವುದಿಲ್ಲ, ಐದು ವರ್ಷ ಕಳೆದರೆ ಅವರಿಗೆ ಸಂಘವೂ ಮರೆತಿರುತ್ತದೆ, ನಮಗೆ ಅವರೂ ಮರೆತಿರುತ್ತಾರೆ. ಪಟ್ಟಿಯಲ್ಲಿ ಹೆಸರು ಇರುತ್ತದೆ ಅಷ್ಟೇ.

ಗುಲಾಬಿ ನಕಲಿನ ಹಿಂಬದಿ ಖಾಲಿ ಇರುತ್ತದೆ. ಗೇಟು ದಾಟಿದ ಮೇಲೆ ಬೈಕಿನ ಸೀಟಿನ ಮೇಲೆ ಪುಸ್ತಕ ಇಟ್ಟು, ರಟ್ಟು ಅಡಿಗಿಟ್ಟು, ಅಲ್ಲಿ ಎರಡು ಸಾಲು ಬರೆಯುವುದು ನನ್ನ ಅಭ್ಯಾಸ. "ಮಗಳಿಗೆ ಚೆಂಡೆ ಕಲಿಯುವ ಆಸೆ." "ಮೊಣಕಾಲು ನೋವು, ಕುರ್ಚಿ ಬೇಕು." "ಕರ್ಣಪರ್ವ ಇದ್ದರೆ ಹೇಳಿ ಅಂದರು." ಕೊರೊನಾದ ಎರಡು ವರ್ಷ ಕೂಟ ನಿಂತು ಮತ್ತೆ ಶುರುವಾದಾಗ ಒಬ್ಬ ನಿವೃತ್ತ ಮಾಷ್ಟ್ರು ಬರುತ್ತಲೇ ಇರಲಿಲ್ಲ. ಶುಲ್ಕ ಮಾತ್ರ ತಪ್ಪದೆ ಕೊಡುತ್ತಿದ್ದರು. ಆಸಕ್ತಿ ಕಡಿಮೆಯಾಯಿತೇನೋ ಅಂತ ಕಮಿಟಿಯಲ್ಲಿ ಮಾತಾಡಿಕೊಂಡಿದ್ದೆವು. ಆ ವರ್ಷ ರಶೀದಿ ಬರೆಯುತ್ತಾ ಕುಳಿತಾಗ ಅವರ ಹೆಂಡತಿ ಒಳಗಿನಿಂದಲೇ ಹೇಳಿದರು, "ಬರ್ಲಿಕ್ಕೆ ಮನಸ್ಸುಂಟು, ಒಂಬತ್ತರ ಮೇಲೆ ಬಸ್ಸಿಲ್ಲ, ಕಣ್ಣು ಕಾಣದ್ದಕ್ಕೆ ಸ್ಕೂಟರ್ ಮಾರಿದ್ರು." ಮಾಷ್ಟ್ರು ತಲೆ ತಗ್ಗಿಸಿ ಅಡಿಕೆ ಕೆರೆಯುತ್ತಿದ್ದರು, ಒಂದು ಮಾತು ಆಡಲಿಲ್ಲ. ನಕಲಿನ ಹಿಂದೆ ಬರೆದದ್ದು ಎರಡೇ ಶಬ್ದ: "ಗಾಡಿ ಇಲ್ಲ." ಅವರ ದಾರಿಯಲ್ಲೇ ಬರುವ ಮದ್ದಳೆಯ ಹುಡುಗನಿಗೆ ಹೇಳಿದೆ. ಮುಂದಿನ ಶನಿವಾರ ಅವನ ಬೈಕಿನಿಂದ ಇಳಿದವರು ನೇರ ಬಂದು ಹಾಡುವ ಭಾಗವತರ ಎದುರು ಕುಳಿತರು. ಅವತ್ತು ಅವರು ಹೇಳಿದ ಭೀಷ್ಮನ ಅರ್ಥ ನನಗೆ ಇನ್ನೂ ಕಿವಿಯಲ್ಲಿದೆ.

ಇಂಥದ್ದು ಯಾವ ಫಾರ್ಮಿನಲ್ಲೂ ತುಂಬಿಸುವ ಜಾಗ ಇಲ್ಲ. ಕಳೆದ ಅಚ್ಚಿನಲ್ಲಿ ನಕಲಿನ ಹಿಂಬದಿಗೆ ನಾಲ್ಕು ಗೆರೆ ಹಾಕಿಸಿದ್ದೇವೆ, ಅದಕ್ಕೆ ಪ್ರೆಸ್ಸಿನವರು ಪುಸ್ತಕಕ್ಕೆ ಹತ್ತು ರೂಪಾಯಿ ಜಾಸ್ತಿ ತೆಗೆದುಕೊಂಡರು, ಕೊಟ್ಟದ್ದಕ್ಕೆ ಒಂದು ಚೂರೂ ಬೇಸರ ಇಲ್ಲ.

ಸುಸ್ತಿನ ಬಗ್ಗೆಯೂ ಹೇಳಬೇಕು. 86 ಮನೆ ಒಬ್ಬನೇ ತಿರುಗಿದರೆ ಯಾರಿಗಾದರೂ ಸಾಕಾಗುತ್ತದೆ. ನನಗೂ 2022ರಲ್ಲಿ ಸಾಕಾಗಿತ್ತು, ರಾಜೀನಾಮೆ ಪತ್ರ ಬರೆದಿಟ್ಟಿದ್ದೆ. ಆಗ ಮಾಡಿದ ಉಪಾಯ, ಪುಸ್ತಕಗಳನ್ನು ಹಂಚಿದ್ದು. ಹೊಳೆಯ ಆಚೆಯ ಮನೆಗಳಿಗೆ ಒಂದು ಪುಸ್ತಕ, ಪೇಟೆ ಕಡೆಗೆ ಒಂದು, ನನ್ನ ಹತ್ತಿರ ಒಂದು. ನಂಬರ್ ಬೇರೆ ಬೇರೆ ಇರುವುದರಿಂದ ಯಾರು ಎಷ್ಟು ಎತ್ತಿದರು ಅನ್ನುವುದು ತಾನೇ ಗೊತ್ತಾಗುತ್ತದೆ, ಒಬ್ಬರನ್ನೊಬ್ಬರು ಕೇಳಬೇಕಾಗಿಲ್ಲ. ಹಿಂದಿನವರು ಬಿಟ್ಟಾಗ ನನಗೆ ಸಿಕ್ಕಿದ್ದು ಒಂದು ಡೈರಿ, ಅದರಲ್ಲಿ ಅರ್ಧ ಹೆಸರಿಗೆ ಮನೆಯ ಗುರುತೂ ಇರಲಿಲ್ಲ, ಎಲ್ಲ ಅವರ ತಲೆಯಲ್ಲೇ ಇತ್ತು. ಈಗ ಬರುವವರಿಗೆ ಏಳು ವರ್ಷದ ಗುಲಾಬಿ ನಕಲು ಇದೆ, ಹಿಂದೆ ಮುಂದೆ ಎರಡೂ ಕಡೆ ಓದಬಹುದು.

ಈ ಸಲ ಹೊಳೆಯ ಆಚೆಯ ಪುಸ್ತಕವನ್ನು ಒಬ್ಬ ಕಾಲೇಜು ಹುಡುಗಿಗೆ ಕೊಟ್ಟಿದ್ದೇವೆ. ಚೆಂಡೆ ಕಲಿಯುವ ಆಸೆ ಅಂತ ನಾನು ಬರೆದುಕೊಂಡಿದ್ದೆನಲ್ಲ, ಅವಳೇ. ಮೊದಲ ದಿನ ಜೊತೆಗೆ ಹೋಗಿದ್ದೆ. ರಟ್ಟು ಇಡಲು ಮರೆತು ಮೂರು ರಶೀದಿ ಹಾಳು ಮಾಡಿದಳು, ಹರಿದು ಬಿಸಾಡಬೇಡ, ಅಡ್ಡಗೆರೆ ಎಳೆದು "ರದ್ದು" ಅಂತ ಬರೆದು ಪುಸ್ತಕದಲ್ಲೇ ಇಡು ಅಂತ ಹೇಳಿಕೊಟ್ಟೆ. ನಾಲ್ಕನೆಯದು ಸರಿಯಾಯಿತು.

ಮಾಡಿಸುವವರು ಫೆಬ್ರವರಿಯಲ್ಲೇ ಆರ್ಡರ್ ಕೊಡಿ. ಮಾರ್ಚ್, ಏಪ್ರಿಲಿನಲ್ಲಿ ಪ್ರೆಸ್ಸಿನವರಿಗೆ ಮದುವೆ ಕಾಗದ, ಜಾತ್ರೆಯ ನೋಟೀಸು ಅಂತ ಪುರುಸೊತ್ತೇ ಇರುವುದಿಲ್ಲ. ಮೇ ಕೊನೆಗೆ ಪತ್ತನಾಜೆ (ತುಳುನಾಡಿನಲ್ಲಿ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮಳೆಗಾಲ ಪೂರ್ತಿ ತಾಳಮದ್ದಳೆಯದ್ದೇ ಕಾಲ. ಅಷ್ಟರೊಳಗೆ ಮನೆ ಮನೆ ತಿರುಗಿ ಮುಗಿಸಿದರೆ ಒಳ್ಳೆಯದು.